ಭಾನುವಾರಕ್ಕೊಂದು ವಿಮಾನ

ಬೋರ್ಡಿನ ಮೇಲೆ ಜೆರಾಕ್ಸ್, ಲ್ಯಾಮಿನೇಶನ್ ಎಂದು ದೊಡ್ಡದಾಗಿ ಬರೆದಿತ್ತು. ಆದರೂ ಅಂಗಡಿಯ ಹರಿಹರ, "ಇದಕ್ಕೆ ಲ್ಯಾಮಿನೇಶನ್ ಮಾಡಲ್ಲ" ಅಂದುಬಿಟ್ಟ.

ನಯನಳಿಗೆ ಸಿಟ್ಟು ಬಂತು. ಕೊಪ್ಪದ ಆಸ್ಪತ್ರೆಯೊಂದರಲ್ಲಿ ನರ್ಸ್ ಅವಳು. ಚಿಕ್ಕಮ್ಮನನ್ನು ನೋಡಲು ನರಸಿಂಹರಾಜಪುರಕ್ಕೆ ಬಂದಿದ್ದಳು. ಅವಳು ತಂದದ್ದು ಚಿಕ್ಕಂದಿನ ಟ್ರಂಪ್ ಕಾರ್ಡ್. ಮೇಲೆ ವಿಮಾನದ ಚಿತ್ರ, ಕೆಳಗೆ ಅದರ ವೇಗ, ಹಾರುವ ಎತ್ತರ. ಮಳೆಗಾಲಕ್ಕೆ ಬೂಷ್ಟು ಹಿಡಿಯದಿರಲಿ ಎಂಬುದಷ್ಟೇ ಅವಳ ಆಸೆ.

ಹರಿಹರ ಕೈ ತೊಳೆದು, ಒರೆಸಿಕೊಂಡು ಬಂದು, ಕಾರ್ಡಿನ ಅಂಚನ್ನಷ್ಟೇ ಹಿಡಿದ. ಲ್ಯಾಮಿನೇಶನ್ ಮಾಡಿದ ಕಾರ್ಡನ್ನು ಸಂಗ್ರಹಿಸುವವರು ಮೂಸಿಯೂ ನೋಡುವುದಿಲ್ಲ ಎಂದ. ಹಳೆಯ ಆಟದ ಕಾರ್ಡು ಕೂಡಿಡುವುದು, ಕೇಳಿದವರಿಗೆ ಬೆಲೆ ಹೇಳುವುದು ಅವನ ಹುಚ್ಚು. ಮೆತ್ತನೆ ಹತ್ತಿಯಿಂದ ಧೂಳು ಒರೆಸಿ, ಕಾರ್ಡನ್ನು ತೆಳು ಕವರಿನೊಳಗೆ ಜಾರಿಸಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ.

ಮುಂದಿನ ಭಾನುವಾರ ಇನ್ನೊಂದು ಕಾರ್ಡು ತಂದಳು. ಆಮೇಲೆ ಮತ್ತೊಂದು. ಹಾಗೇ ಮಳೆಗಾಲ ಕಳೆಯಿತು.

ಭಾನುವಾರ ಆ ಬೀದಿಯಲ್ಲಿ ಮಧ್ಯಾಹ್ನವೇ ಬಾಗಿಲು ಹಾಕುತ್ತಿದ್ದರು. ಹರಿಹರ ಹಾಕುತ್ತಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮನೆಗೆ ಹೋಗುವ ಅವಸರ ಅವನಿಗಿರಲಿಲ್ಲ. ಈಗ ಅವಳಿಗಾಗಿ ಸ್ಟೂಲನ್ನು ಫ್ಯಾನಿನ ಕೆಳಗೆ ಸರಿಸಿಡುತ್ತಿದ್ದ. ಅವಳೂ ಕ್ವಾರ್ಟರ್ಸಿನಲ್ಲಿ ಒಬ್ಬಳೇ. ವಾರವಿಡೀ ಬೇರೆಯವರ ನೋವು ಕೇಳುವವಳಿಗೆ ಇಲ್ಲಿ ಯಾರೋ ತನ್ನ ಮಾತು ಕೇಳುತ್ತಿದ್ದರು.

ಕಾರ್ಡೆಲ್ಲ ಶಾಲೆಯ ಹುಡುಗರಿಂದ ಗೆದ್ದದ್ದು ಎಂದು ಒಮ್ಮೆ ಹೇಳಿದಳು.

"ಎಲ್ಲ ನೀವೇ ಗೆದ್ದದ್ದಾ?"

"ಎಂತ, ನಂಬಿಕೆ ಇಲ್ವಾ? ಹುಡುಗರನ್ನು ಅಳಿಸಿ ಗೆದ್ದಿದ್ದೇನೆ."

ಅವನು ಕಾರ್ಡು ನೋಡುವ ನೆಪದಲ್ಲಿ ತಲೆ ತಗ್ಗಿಸಿ ನಕ್ಕ. ಅವಳು ಆ ನಗುವನ್ನು ಓರೆಗಣ್ಣಲ್ಲೇ ಹಿಡಿದುಬಿಟ್ಟಳು.

ನವರಾತ್ರಿ ಕಳೆದ ಮೇಲೆ ಮೈಸೂರಿನ ಸಂಗ್ರಾಹಕರೊಬ್ಬರು ಹರಿಹರನಿಗೆ ಫೋನ್ ಮಾಡಿದರು. ಅವರಿಗೆ ಅದೇ ವಿಮಾನದ ಕಾರ್ಡುಗಳು ಬೇಕು, ಇಡೀ ಸೆಟ್ಟು. ಹೇಳಿದರೆ ಅವಳು ಒಮ್ಮೆಲೇ ಎಲ್ಲ ಕೊಟ್ಟುಬಿಡುತ್ತಾಳೆ, ಆಮೇಲೆ ಬರುವುದಿಲ್ಲ. ಹೇಳದಿದ್ದರೆ ಅವಳಿಗೆ ಮೋಸ.

ಭಾನುವಾರ ಅವಳು ಕೂತ ಕೂಡಲೇ ಹೇಳಿಬಿಟ್ಟ. ಇನ್ನೊಂದು ಮಾತೂ ಬಾಕಿಯಿತ್ತು.

"ಎಲ್ಲ ಒಟ್ಟಿಗೆ ತನ್ನಿ, ಸೆಟ್ಟಿಗೇ ಬೆಲೆ ಅಂತ ಮೊದಲ ದಿನವೇ ಹೇಳಬೇಕಿತ್ತು. ಹೇಳಿದ್ರೆ ಒಂದೇ ಸಲ ಬಂದು ಹೋಗ್ತಿದ್ರಿ. ಅದಕ್ಕೇ ಹೇಳಲಿಲ್ಲ."

ನಯನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಸೆಟ್ಟಿನ ಬೆಲೆ ಫೋನಲ್ಲಿ ನೋಡಿದ್ರೆ ಯಾರಿಗಾದರೂ ಗೊತ್ತಾಗ್ತದೆ ಮಾರಾಯ್ರೆ. ಎರಡನೇ ವಾರವೇ ನೋಡಿದ್ದೆ."

ಅವನು ತಲೆಯೆತ್ತಿದ. ಅವಳು ಈ ಸಲ ಕಣ್ಣು ತಪ್ಪಿಸಲಿಲ್ಲ.

ಬ್ಯಾಗಿನಿಂದ ಡಬ್ಬಿ ತೆಗೆದು, ಕಾರ್ಡುಗಳನ್ನೆಲ್ಲ ಮೇಜಿನ ಮೇಲಿಟ್ಟಳು. ಮೈಸೂರಿನವರಿಗೆ ಕಳಿಸಿಬಿಡಿ ಎಂದಳು. ಅವನ ಮುಖ ಸಣ್ಣದಾಯಿತು.

"ಮುಂದಿನ ಭಾನುವಾರ ನಾನು ಬರಲ್ಲ," ಎಂದು ಎದ್ದಳು. ಮೆಟ್ಟಿಲಿಳಿದು ಬಿಸಿಲಿಗೆ ಕೊಡೆ ಬಿಚ್ಚುತ್ತ ತಿರುಗಿದಳು. "ನೀವು ಕೊಪ್ಪಕ್ಕೆ ಬನ್ನಿ. ಪ್ರತಿ ಸಲ ನಾನೇ ಬಸ್ಸು ಹತ್ತಬೇಕಾ?"

ಅವಳ ಬಸ್ಸು ಹೋದ ಮೇಲೂ ಅವನು ತುಸು ಹೊತ್ತು ನಿಂತೇ ಇದ್ದ. ಆಮೇಲೆ ಬಾಗಿಲೆಳೆದು ಬಸ್‌ಸ್ಟ್ಯಾಂಡಿಗೆ ನಡೆದ. ಭಾನುವಾರ ಕೊಪ್ಪಕ್ಕೆ ಮೊದಲ ಬಸ್ಸು ಎಷ್ಟೊತ್ತಿಗೆ ಎಂದು ಏಜೆಂಟ್ ಜಟ್ಟಪ್ಪನನ್ನು ಕೇಳಿದ.

"ಕೊಪ್ಪದಲ್ಲಿ ನಿನಗೆ ಯಾರಿದ್ದಾರೆ ಮಾರಾಯ?"

ಹರಿಹರ ತಲೆ ತಗ್ಗಿಸಿ ನಕ್ಕ.

"ಇದ್ದಾರೆ," ಎಂದ.