ಬಾಗಿಲಿನಿಂದ ಬಂದ ಹೊಗೆ

"ಹತ್ತು! ಒಂಬತ್ತು! ಎಂಟು!"

ಮಸರಕಲ್ ಊರಿನ ಆ ಸಣ್ಣ ಓಣಿಯಲ್ಲಿ ಐದನೇ ಕ್ಲಾಸಿನ ಅರ್ಧ ಮಕ್ಕಳು ಕತ್ತು ಮೇಲೆತ್ತಿ ನಿಂತಿದ್ದರು. ಎಲ್ಲರ ಕಣ್ಣೂ ಕಲ್ಯಾಣಿಯ ಮನೆಯ ಮಾಳಿಗೆಯ ಮೇಲೆ. ಅಲ್ಲಿ ಬೆಳಕಿಂಡಿಯಿಂದ ಒಂದು ಹೊಸ ಪೈಪು ಎದ್ದು ನಿಂತಿತ್ತು. ಅದರ ತಲೆಗೆ ತಗಡಿನ ಟೋಪಿ.

"ಮೂರು! ಎರಡು! ಒಂದು!"

ಒಳಗೆ ಅಜ್ಜಿ ಹೊಸ ಒಲೆಗೆ ಕಡ್ಡಿ ಗೀರಿದಳು.

ಪೈಪಿನಿಂದ ಏನೂ ಬರಲಿಲ್ಲ. ಒಂದು ಕಾಗೆ ಹಾರಿ ಬಂದು ಟೋಪಿಯ ಮೇಲೆ ಕೂತಿತು, ಅಷ್ಟೇ.

ಆಮೇಲೆ ಹೊಗೆ ಬಂತು. ಬಾಗಿಲಿನಿಂದ ಬಂತು! ದಪ್ಪಗೆ, ಬೆಳ್ಳಗೆ, ಸುರುಳಿ ಸುರುಳಿಯಾಗಿ. ಹೊಗೆಯ ಹಿಂದೆ ಅಜ್ಜಿ ಓಡಿಬಂದಳು. ಅಜ್ಜಿಯ ಹಿಂದೆ ಅವ್ವ ಗೋಪಮ್ಮ. ಅವ್ವನ ಹಿಂದೆ ಮೂರು ಕೋಳಿ. ಕೊನೆಗೆ, ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತ, ಒಲೆ ಹಾಕಿದ ಶೇಖಮ್ಮ.

ಓಣಿಯೆಲ್ಲ ಹೋ ಎಂದು ನಕ್ಕಿತು.

"ಎಲ್ಲದ ಬೇ ನಿನ್ನ ಶಕ್ತಿನಗರ?" ಎಂದು ಹುಲಿಗೇಶ ಕೂಗಿದ. ಅವನು ಕ್ಲಾಸಿನಲ್ಲಿ ಕಲ್ಯಾಣಿಯ ಹಿಂದಿನ ಸಾಲಿನವನು.

ಕಲ್ಯಾಣಿಗೂ ನಗು ತಡೆಯಲಾಗಲಿಲ್ಲ. ಕೋಳಿಗಳು ಓಡಿಬಂದ ರೀತಿ ಹಾಗಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇಷ್ಟು ಜನರನ್ನು ಕರೆದವಳೇ ಅವಳು. ಅವಳ ಅಪ್ಪ ಶಕ್ತಿನಗರದ ಕರೆಂಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಯ ಮುಗಿಲು ಮುಟ್ಟುವ ಚಿಮಣಿಯನ್ನು ಕಲ್ಯಾಣಿ ಒಮ್ಮೆ ಕಣ್ಣಾರೆ ನೋಡಿದ್ದಳು. "ನಮ್ಮ ಮನಿಗೂ ಚಿಮಣಿ ಬರ್ತದ. ಸೇಮ್ ಶಕ್ತಿನಗರದ್ದು ಇದ್ದಂಗ. ಆದ್ರ ಸಣ್ಣದು," ಎಂದು ವಾರವಿಡೀ ಕ್ಲಾಸಿನಲ್ಲಿ ಹೇಳಿದ್ದೇ ಹೇಳಿದ್ದು.

ಮನೆಯಲ್ಲಿ ಗ್ಯಾಸ್ ಇತ್ತು. ಅದು ಚಹಾಕ್ಕೆ, ಉಪ್ಪಿಟ್ಟಿಗೆ. ಜೋಳದ ರೊಟ್ಟಿ ಮಾತ್ರ ಹತ್ತಿ ಕಟ್ಟಿಗೆಯ ಬೆಂಕಿಯಲ್ಲೇ ಬೇಯಬೇಕೆಂದು ಅಜ್ಜಿಯ ಹಟ. ದಿನಾ ಬೆಳಿಗ್ಗೆ ಮನೆ ತುಂಬ ಹೊಗೆ, ಅಜ್ಜಿಗೆ ಕೆಮ್ಮು. ಕೊನೆಗೆ ಅವ್ವ ಮಾನ್ವಿಯಿಂದ ಶೇಖಮ್ಮನನ್ನು ಕರೆಸಿದ್ದಳು.

ಶೇಖಮ್ಮ ಗುರುವಾರ ಬಂದಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊರಳಿಗೆ ಟೇಪು ಹಾಕಿಕೊಂಡು, ಮಣ್ಣು ಕಲಸಿ ಒಲೆ ಕಟ್ಟಿದ್ದಳು. ಮುಂದೆ ಕಟ್ಟಿಗೆ ಇಡುವ ಬಾಯಿ, ಮೇಲೆ ಎರಡು ಪಾತ್ರೆಗೆ ಜಾಗ, ಹಿಂದೆ ಹೊಗೆ ಹೋಗಲು ಒಂದು ದಾರಿ.

"ಮೂರು ದಿನ ಒಣಗಲಿ. ಆಯ್ತವಾರ ಬಂದು ಪೈಪ್ ಕೂಡ್ರಸ್ತೀನಿ," ಎಂದು ಮೂರು ತುಂಡು ಪೈಪು ಅಂಗಳದಲ್ಲಿ ಬಿಟ್ಟು ಹೋಗಿದ್ದಳು.

ಅಂಗಳದಲ್ಲಿ ಪೈಪು ಬಿದ್ದಿದ್ದರೆ ಯಾರು ಸುಮ್ಮನಿರುತ್ತಾರೆ? ಕಲ್ಯಾಣಿ ಮತ್ತು ಪಕ್ಕದ ಮನೆಯ ತಹಸೀನ್ ಮೊದಲು ಅದನ್ನು ಫೋನ್ ಮಾಡಿಕೊಂಡರು.

"ಹಲೋ, ಯಾರ್ರೀ?"

"ನಾನು ದೇವದುರ್ಗದ ತಹಸೀಲ್ದಾರ್ರೀ! ನಿಮ್ಮ ಕೋಳಿ ಕಳುಹಿಸ್ರಿ, ಅರೆಸ್ಟ್ ಮಾಡ್ಬೇಕು!"

ಫೋನ್ ಆದಮೇಲೆ ಪೈಪು ದುರ್ಬೀನಾಯಿತು. ದುರ್ಬೀನು ಬೇಜಾರಾದಮೇಲೆ ಗೋಲಿ ಓಡಿಸುವ ಟ್ರ್ಯಾಕ್ ಆಯಿತು. ಆದರೆ ಗೋಲಿಗಳು ಆಚೆ ತುದಿಯಿಂದ ಹಾರಿ ಚರಂಡಿಗೆ ಬೀಳತೊಡಗಿದವು. ಬೀಳದ ಹಾಗೆ ಆ ತುದಿಗೆ ಒಂದು ಬಟ್ಟೆ ತುರುಕಿದರು. ಬಟ್ಟೆ ತೆಗೆಯಲು ಹೋದರೆ ಬರಲಿಲ್ಲ. ಕೋಲಿನಿಂದ ತಳ್ಳಿದರೆ ಇನ್ನೂ ಒಳಗೆ ಹೋಯಿತು. ಅಷ್ಟರಲ್ಲಿ ಅವ್ವ ಕರೆದಳು. ಆಮೇಲೆ ಇಬ್ಬರೂ ಮರೆತೇಬಿಟ್ಟರು.

ಈಗ ನಗುತ್ತ ನಗುತ್ತಲೇ ಕಲ್ಯಾಣಿಗೆ ಅದು ನೆನಪಾಯಿತು.

ನಗು ನಿಲ್ಲಿಸಿ ಅವಳು ತಹಸೀನಳ ಕಡೆ ನೋಡಿದಳು. ತಹಸೀನ್ ಆಗಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ಉರುಕುಂದಪ್ಪ ತಲೆಯಾಡಿಸಿದ. "ನಮ್ಮ ಮನಿಗೂ ಇಂಥಾದ್ದು ಹಾಕಸಬೇಕು ಅಂತ ಮಾಡಿದ್ದೆ. ಬ್ಯಾಡವಾ ಬ್ಯಾಡ. ಈಕಿಗೆ ಕೆಲಸಾನೇ ಬರಂಗಿಲ್ಲ."

ಶೇಖಮ್ಮ ಒಳಗೆ ಹೋಗಿ ಒಲೆಯ ಕಟ್ಟಿಗೆ ಹೊರಗೆಳೆದು ನೀರು ಚಿಮುಕಿಸಿದಳು. ಟೇಪು ಬಿಚ್ಚಿ ಒಲೆಯನ್ನು ಅಳೆದಳು. ಪೈಪು ಅಳೆದಳು. ಮತ್ತೆ ಒಲೆ ಅಳೆದಳು.

"ಅಳತಿ ಸರಿ ಅದ. ಯಾಕ ಹಿಂಗಾತು?" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

"ನನಗ ನನ್ನ ಹಳೇ ಒಲಿನೇ ಸಾಕು," ಎಂದಳು ಅಜ್ಜಿ. "ಇದನ್ನ ಒಡದು ಹಾಕವಾ."

ಶೇಖಮ್ಮ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು. "ಆತು, ಯವ್ವಾ. ಒಡೀತೀನಿ. ಮತ್ತ ಮೊದಲಿಂದ ಕಟ್ಟಿಕೊಡ್ತೀನಿ," ಎಂದು ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡಳು.

ಬಾಗಿಲಲ್ಲಿ ತಹಸೀನ್ ಕಲ್ಯಾಣಿಯ ಕೈ ಚಿವುಟಿದಳು. "ಹೇಳಬ್ಯಾಡಲೇ! ನಮ್ಮ ಅಮ್ಮಿ ನನ್ನ ಕೊಂದೇಬಿಡ್ತಾರ!"

ಕಲ್ಯಾಣಿಯ ಎದೆ ದಬದಬ ಹೊಡೆದುಕೊಳ್ಳುತ್ತಿತ್ತು. ಹಾರೆ ಮೇಲೆ ಹೋಯಿತು.

"ಒಡೀಬ್ಯಾಡ್ರಿ, ಅಕ್ಕಾ!"

ಅವಳು ಕಿರುಚಿದ ಜೋರಿಗೆ ಓಣಿಯ ಗದ್ದಲವೂ ನಿಂತಿತು. ಎಲ್ಲರೂ ಬಾಗಿಲಿಗೆ ಬಂದು ಇಣುಕಿದರು.

"ಪೈಪಿನ್ಯಾಗ... ಒಂದು ಸಾಮಾನು ಅದ."

"ಏನು ಸಾಮಾನು?"

ಕಲ್ಯಾಣಿ ಅಜ್ಜಿಯ ಮುಖ ನೋಡಿದಳು, ನೆಲ ನೋಡಿದಳು. "ಅಜ್ಜಿ ಕುಬಸ."

ಶೇಖಮ್ಮ ಹಾರೆ ಕೆಳಗಿಟ್ಟು, "ಬಾ ನನ್ ಜೋಡಿ," ಎಂದು ಕಲ್ಯಾಣಿಯನ್ನು ಕರೆದುಕೊಂಡು ಏಣಿ ಹತ್ತಿದಳು.

ಟೋಪಿ ತೆಗೆದು, ಮೇಲಿನ ಪೈಪು ಬಿಚ್ಚಿ, ಮಾಳಿಗೆಯ ಮೇಲೆ ಅಡ್ಡ ಮಲಗಿಸಿದರು. ಶೇಖಮ್ಮ ತಂತಿಯ ತುದಿ ಬಗ್ಗಿಸಿ ಒಳಗೆ ಹಾಕಿ ಎಳೆದಳು. ಕಲ್ಯಾಣಿ ಪೈಪನ್ನು ಗಟ್ಟಿಯಾಗಿ ತಬ್ಬಿ ಹಿಡಿದಳು. ಮೊದಲು ಒಂದು ತೋಳು ಬಂತು. ಆಮೇಲೆ ಇಡೀ ಕುಬಸ ಬಂತು. ಹಸಿರು ಖಣದ ಕುಬಸ, ಈಗ ಮಸಿ ಬಣ್ಣದ್ದು. ಅದರ ಮಡಿಕೆಯಲ್ಲಿ ಸಿಕ್ಕಿದ್ದ ಎರಡು ಗೋಲಿಗಳು ಮಾಳಿಗೆಯ ಮೇಲೆ ಉರುಳಿ, ಅಂಚು ದಾಟಿ, ಕೆಳಗೆ ಬಿದ್ದವು.

"ಆ ಕೆಂಪು ಗೋಲಿ ನಂದು!" ಎಂದು ಕೂಗಿದಳು ತಹಸೀನ್.

ಕೂಗಿದ ಮೇಲೆ ಅವಳಿಗೆ ಗೊತ್ತಾಯಿತು, ತಾನು ಏನು ಹೇಳಿಬಿಟ್ಟೆ ಅಂತ.

"ಅಯ್ಯಯ್ಯ, ನನ್ನ ಕುಬಸ!" ಅಜ್ಜಿ ಹಣೆ ಬಡಿದುಕೊಂಡಳು. "ಎರಡು ದಿನದಿಂದ ಹುಡುಕಾಕತ್ತೀನಿ. ಮಂಗ್ಯಾ ಒಯ್ದದ ಅಂತ ಅದಕ್ಕ ಎಷ್ಟು ಬೈದೀನಿ!"

"ಪಾಪ ಮಂಗ್ಯಾ!" ಎಂದ ಹುಲಿಗೇಶ. ಓಣಿ ಮತ್ತೆ ನಗತೊಡಗಿತು. ಅವ್ವನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಜ್ಜಿಗೆ ಸಿಟ್ಟು ಮಾಡಬೇಕೆಂದಿತ್ತು, ಆದರೆ ಅವಳ ಬಾಯಿಯೂ ಅಗಲವಾಯಿತು.

"ಈ ಹುಡಿಗ್ಯಾರದೇ ತಪ್ಪು ಹಂಗಾದ್ರ," ಎಂದ ಉರುಕುಂದಪ್ಪ.

ಶೇಖಮ್ಮ ಮಾಳಿಗೆಯ ಅಂಚಿಗೆ ಬಂದು ನಿಂತಳು. "ನಂದೂ ಅದ ರೀ. ಪೈಪ್ ಏರಿಸೋಕಿಂತ ಮೊದಲು ಕಣ್ಣಿಟ್ಟು ನೋಡಬೇಕಿತ್ತು. ನೋಡಲಿಲ್ಲ."

ಹೀಗೆ ಎಲ್ಲರ ಮುಂದೆ ಹೇಳಿ, ಪೈಪಿಗೆ ಕಣ್ಣಿಟ್ಟು ನೋಡಿದಳು. ಕಲ್ಯಾಣಿಗೂ ತೋರಿಸಿದಳು. ಆಚೆ ತುದಿಯಲ್ಲಿ ದುಂಡಗೆ ಆಕಾಶ ಕಂಡಿತು. ಇಬ್ಬರೂ ಸೇರಿ ಪೈಪನ್ನು ಎತ್ತಿ ಕೂರಿಸಿ, ಟೋಪಿ ಹಾಕಿದರು.

ಅಜ್ಜಿ ಒಳಗೆ ಹೋಗಿ ಮತ್ತೆ ಒಲೆ ಹೊತ್ತಿಸಿದಳು. ಈ ಸಲ ಮಕ್ಕಳು ಇಪ್ಪತ್ತರಿಂದ ಎಣಿಸಿದರು. ಎಣಿಕೆ ಒಂದಕ್ಕೆ ಬರುವ ಮೊದಲೇ ಟೋಪಿಯ ಕೆಳಗಿಂದ ನೂಲಿನಂಥ ಹೊಗೆ ಎದ್ದಿತು. ನೂಲು ಹಗ್ಗವಾಯಿತು. ಹಗ್ಗ ಗಾಳಿಗೆ ಬಳುಕಿ ಹತ್ತಿ ಹೊಲದ ಕಡೆ ಹೊರಟಿತು.

"ಶಕ್ತಿನಗರ! ಶಕ್ತಿನಗರ!" ಮಕ್ಕಳು ಕುಣಿದರು. ಯಾರದೋ ಚಪ್ಪಲಿ ಮುಗಿಲಿಗೆ ಹಾರಿ ಬೇರೆ ಯಾರದೋ ತಲೆಯ ಮೇಲೆ ಬಿತ್ತು. ಉರುಕುಂದಪ್ಪ ಕಟ್ಟೆ ಇಳಿದು, ಸುಮ್ಮನೆ ಒಳಗೆ ಹೋಗಿ, ಒಲೆಯ ಹತ್ತಿರ ಮೂಗು ತಂದು ನೋಡತೊಡಗಿದ. ತವೆಯ ಮೇಲೆ ಅಜ್ಜಿಯ ಮೊದಲ ರೊಟ್ಟಿ ಬಿತ್ತು.

ಮಾಳಿಗೆಯ ಮೇಲೆ ಶೇಖಮ್ಮ, ಕಲ್ಯಾಣಿ ಇಬ್ಬರೇ ಉಳಿದಿದ್ದರು. ಅವ್ವ ಏಣಿಯ ಮೇಲಿಂದ ಚಹಾ ಕೊಟ್ಟು ಇಳಿದಳು. ಶೇಖಮ್ಮ ಚಹಾದ ಕಪ್ಪನ್ನು ಬಸಿಯ ಸಮೇತ ತೆಗೆದುಕೊಂಡಳು.

ಕಿಣಿಕಿಣಿ, ಕಿಣಿಕಿಣಿ.

ಏನದು ಎಂದು ಕಲ್ಯಾಣಿ ತಿರುಗಿದಳು. ಬಸಿಯ ಮೇಲೆ ಕಪ್ಪು ಕುಣಿಯುತ್ತಿತ್ತು. ಶೇಖಮ್ಮನ ಕೈ ನಡುಗುತ್ತಿತ್ತು.

"ನಾ ಒಬ್ಬಾಕಿನ ಕಟ್ಟಿದ ಮೊದಲನೇ ಒಲಿ ಇದು," ಎಂದಳು ಶೇಖಮ್ಮ ಮೆಲ್ಲಗೆ. "ಇಷ್ಟು ದಿನ ಮೇಸ್ತ್ರಿ ಜೋಡಿ ಇರ್ತಿದ್ದೆ."

ಕಲ್ಯಾಣಿ ಅವಳ ಮುಖ ನೋಡಿದಳು. ಟೇಪು ಹಿಡಿದು ಒಲೆ ಅಳೆಯುವಾಗ, ಹಾರೆ ಎತ್ತುವಾಗ, ಇವಳ ಎದೆಯೂ ತನ್ನ ಎದೆಯ ಹಾಗೆಯೇ ಹೊಡೆದುಕೊಂಡಿತ್ತೇನೋ. ದೊಡ್ಡವರಿಗೆ ಹಾಗೆ ಆಗುವುದಿಲ್ಲ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ಅವಳು ಹತ್ತಿರ ಸರಿದು, ಮಸಿ ಹತ್ತಿದ ಎರಡೂ ಕೈಗಳನ್ನು ಬಸಿಯ ಕೆಳಗೆ ಇಟ್ಟಳು. ಕಿಣಿಕಿಣಿ ನಿಂತಿತು. ಶೇಖಮ್ಮ ಬಗ್ಗಿ ಒಂದು ಗುಟುಕು ಚಹಾ ಕುಡಿದಳು.