ಹುಲ್ಲಣಬೆಯ ಷರತ್ತು

ಓದಿದವರಿಗೆ ಬುದ್ಧಿ ಹೇಳಬಾರದು ಎನ್ನುತ್ತಾರೆ. ನಾನು ಹೇಳಿದೆ, ಅದೂ ಬೇಸಾಯ ಇಲಾಖೆಯವರಿಗೆ.

ಜಯಪ್ಪನವರು ಶಿವಮೊಗ್ಗದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಯುದ್ಧಕಾಲ, ಅಕ್ಕಿಗೆ ರೇಷನ್. ಭತ್ತದ ಹುಲ್ಲಿನಲ್ಲಿ ಅಣಬೆ ಬೆಳೆಸುವ ಪ್ರಯೋಗಕ್ಕೆಂದು ಮಲವಗೊಪ್ಪದ ನಮ್ಮ ಹಿತ್ತಲ ಕೊಟ್ಟಿಗೆಯನ್ನು ಹಿಡಿದಿದ್ದರು. ನೆನೆಸಿದ ಹುಲ್ಲಿನ ಕಟ್ಟು ಪೇರಿಸಿ, ಅಣಬೆಯ ಬೀಜ ಇಟ್ಟು, ತೊಗರಿಬೇಳೆಯ ಹಿಟ್ಟು ಚಿಮುಕಿಸಿ ಬಾಗಿಲು ಹಾಕುತ್ತಿದ್ದರು. ಹೋಗುವಾಗ ಅಡಿಗೆಮನೆಯ ಕಡೆಗೊಮ್ಮೆ ನೋಟ. ನಾನೂ ಅದೇ ಹೊತ್ತಿಗೆ ಅಕ್ಕಿ ಆರಿಸಲು ಕೂರುತ್ತಿದ್ದೆ. ಕಲ್ಲಿಲ್ಲದ ಅಕ್ಕಿಯನ್ನೂ ಆರಿಸಿದ್ದೇನೆ.

ಮೂರನೆಯ ತಿಂಗಳು ಅವರು ಅಣ್ಣನ ಬಳಿ ಹೆಣ್ಣು ಕೇಳಿದರು. ನಮ್ಮವರೇ, ಲಿಂಗ ಕಟ್ಟಿದವರೇ. ಆದರೆ ನಮ್ಮ ಮನೆಯ ಒಲೆಗೆ ಅಣಬೆ ಏರಿದ್ದೇ ಇಲ್ಲ. ಅಣ್ಣ ಮುರುಗೇಶಪ್ಪ ಜಗಲಿಯಲ್ಲಿ ನಾಲ್ಕು ಜನರ ಮುಂದೆ ನಕ್ಕುಬಿಟ್ಟ.

"ಹುಲ್ಲು ಕೊಳೆಸಿದ್ದು ಬಿಟ್ರೆ ಏನು ಮಾಡಿದೀರಿ? ಯಾರು ಬೆಳೆದು ತೋರಿಸ್ತಾರೋ ಅವರು ಬಂದು ಕೇಳಲಿ, ಇಲ್ಲ ಅನ್ನಲ್ಲ. ಈ ಸಲಾನೂ ಆಗದಿದ್ರೆ ಭದ್ರಾವತಿ ಗುಮಾಸ್ತನಿಗೆ ಮಾತು ಕೊಡ್ತೀನಿ."

ಆ ಗುಮಾಸ್ತನನ್ನು ನಾನು ನೋಡಿರಲಿಲ್ಲ. ನೋಡುವ ಆಸೆಯೂ ಇರಲಿಲ್ಲ.

ಮರುದಿನ ಕೊಟ್ಟಿಗೆಗೇ ಹೋದೆ. ಕಿಟಕಿಗೆ ಗೋಣಿತಟ್ಟು ಹೊಡೆದು, ಸಂದಿಗೆಲ್ಲ ಸಗಣಿ ಮೆತ್ತಿದ್ದರು. ಒಳಗೆ ಉಸಿರು ಕಟ್ಟುವ ಬಿಸಿ. ಹುಲ್ಲಿನ ತುಂಬ ಬಿಳಿ ಎಳೆ ಹಬ್ಬಿತ್ತು, ಅಣಬೆ ಮಾತ್ರ ಒಂದೂ ಇಲ್ಲ.

"ಇಷ್ಟು ಕತ್ತಲೆ ಯಾಕೆ?" ಎಂದೆ.

"ಅಣಬೆಗೆ ಕತ್ತಲೆ ಬೇಕಲ್ವಾ?" ಎಂದರು, ನನ್ನ ಬಳೆಗಳನ್ನೇ ನೋಡುತ್ತ.

"ಎಳೆ ಹಬ್ಬೋಕೆ ಸಾಕು ಮಾರಾಯ್ರೆ, ತಲೆ ಎತ್ತೋಕೆ ಬೆಳಕೂ ಗಾಳಿಯೂ ಬೇಕು. ನಮ್ಮ ಬಣವೇಲಿ ತಾನಾಗೇ ಏಳುತ್ತೆ. ಒಳಗಲ್ಲ, ಬಿಸಿಲು ಬಡಿಯೋ ನೆತ್ತೀಲೂ ಅಲ್ಲ, ಬೆಳಕು ಸೋಕೋ ಮಗ್ಗುಲಲ್ಲಿ."

"ತಿನ್ನದೇ ಇರೋರು ಇಷ್ಟೆಲ್ಲ ನೋಡಿದೀರಾ?"

"ನೀವು ದಿನಾ ಅಡಿಗೆಮನೆ ನೋಡಲ್ವಾ? ಉಣ್ಣೋಕೆ ಬರ್ತೀರಾ?"

ಅವರ ಕಿವಿ ಕೆಂಪಾಯಿತು. ನಾನು ಗೋಣಿತಟ್ಟಿಗೆ ಕೈ ಹಾಕಿದೆ. ತಡೆದರು.

"ಕೆಟ್ಟರೆ?"

"ಕೆಟ್ಟರೆ ಭದ್ರಾವತಿಗೆ ಹೋಗೋಳು ನಾನು, ನೀವಲ್ಲ."

ಕೈ ತೆಗೆದರು. ಎರಡನೆಯ ಕಿಟಕಿಯದನ್ನು ಅವರೇ ಕಿತ್ತರು.

ಬೆಳಿಗ್ಗೆ ಸಂಜೆ ನಾನು ನೀರು ಚಿಮುಕಿಸಿದೆ. ಐದನೆಯ ದಿನ ಹುಲ್ಲಿನ ಮಗ್ಗುಲಲ್ಲಿ ಗುಬ್ಬಿ ಮೊಟ್ಟೆಯಷ್ಟು ಮೊಗ್ಗುಗಳು ಸಾಲಾಗಿ ಎದ್ದವು. ಎಂಟನೆಯ ದಿನ ಬುಟ್ಟಿ ತುಂಬಿತು.

ಬುಟ್ಟಿ ಜಗಲಿಗೆ ಬಂದಾಗ ಅಣ್ಣನ ಮುಖ ನೋಡಬೇಕಿತ್ತು. "ಸರಿ, ಬೆಳೆದ್ರಿ. ಕೇಳಿ," ಎಂದ.

ಕೇಳಿದ್ದರೆ ಮುಗಿದಿತ್ತು. ಆದರೆ ಆ ಪುಣ್ಯಾತ್ಮರು, "ಬೆಳೆದಿದ್ದು ನಾನಲ್ಲ, ನಿಮ್ಮ ತಂಗಿ. ನನ್ನ ಕೈಲಿ ಮೂರು ಸಲ ಕೆಟ್ಟಿದೆ," ಎಂದುಬಿಟ್ಟರು. ಆ ಸತ್ಯಸಂಧತೆಗೆ ನನಗೆ ಮೈಯೆಲ್ಲ ಉರಿದುಹೋಯಿತು.

"ಹಾಗಾದ್ರೆ ಮುಗೀತು," ಎಂದ ಅಣ್ಣ, ಖುಷಿಯಾಗಿ.

"ಮುಗೀಲಿಲ್ಲ." ಹೊಸ್ತಿಲು ದಾಟಿ ಜಗಲಿಗೆ ಬಂದೆ. "ಬೆಳೆದೋರು ಕೇಳಲಿ ಅಂತ ನೀನೇ ಅಂದೆ. ಬೆಳೆದಿದೀನಿ, ಕೇಳ್ತಿದೀನಿ. ನನಗೆ ಇವರು ಬೇಕು."

"ಹೆಣ್ಣು ಹೀಗೆ ಕೇಳೋದುಂಟೇನೇ ದಾಕ್ಷಾಯಣಿ?"

"ಈಗ ಕೇಳಿದ್ಲಲ್ಲ," ಎಂದರು ಪಕ್ಕದ ಮನೆಯ ಜಂಬಣ್ಣ, ಎಲೆಅಡಿಕೆ ಅಗಿಯುತ್ತ. "ನಾಲ್ಕು ಜನರೆದುರು ಆಡಿದ ಮಾತು ಮುರುಗೇಶಪ್ಪ."

ಅಣ್ಣ ಜಯಪ್ಪನವರತ್ತ ತಿರುಗಿದ. "ನಿಮ್ಮ ಕಡೆ ಹಿರೀಕರು ಏನಂತಾರೋ?"

"ನನಗೆ ಹಿರೀಕರು ಯಾರೂ ಇಲ್ಲ," ಎಂದರು ಅವರು. ಮೊದಲ ಸಲ ಬಳೆ ಬಿಟ್ಟು ನನ್ನ ಮುಖವನ್ನೇ ನೋಡಿದರು. "ನನ್ನನ್ನ ಕೊಡಬೇಕಾದೋನು ನಾನೇ. ಕೊಟ್ಟಿದೀನಿ."