ಕೂದಲು ಕಟ್ಟಿದ ನೀರುಚೀಲ

“ಅದಕ್ಕೆ ಕೈ ಹಾಕಬೇಡ ಲುತ್ಫಿ! ನನ್ನ ಹೊಟ್ಟೆ ಮೇಲಾಣೆ!”

ಒಂಟೆಯ ಮೇಲಿಂದ ಫದಿಮಾತಾ ಕೂಗಿದಳು. ತುಂಬು ಬಸುರಿ, ಚೊಚ್ಚಲ ಹೆರಿಗೆಗೆ ತಾಯಿಯ ಗುಡಾರಕ್ಕೆ ಹೊರಟಿದ್ದಳು. ಅವಳ ಗಂಡ ಲುತ್ಫಿ, ದೂರದ ಕಡಲತೀರದ ಓರಾನ್ ಪೇಟೆಯಲ್ಲಿ ಮೇಷ್ಟರಾಗಿದ್ದವನು, ಜಾಲಿಮರದಡಿ ನಿಂತು ನಗುತ್ತಿದ್ದ. ಕೊಂಬೆಯಲ್ಲಿ ತೊಗಲಿನ ನೀರುಚೀಲವೊಂದು ತೂಗುತ್ತಿತ್ತು. ಅದರ ಬಾಯಿಗೆ ಹೆಂಗಸಿನ ಉದ್ದ ಕೂದಲು ಸುತ್ತಿ ಗಂಟಿನ ಮೇಲೆ ಗಂಟು ಬಿಗಿದಿತ್ತು. ನಮ್ಮ ಸಹಾರಾದಲ್ಲಿ ಮರಕ್ಕೆ ತೂಗುಹಾಕಿದ್ದನ್ನು ಕಳ್ಳನೂ ಮುಟ್ಟುವುದಿಲ್ಲ.

“ಮರಳಲ್ಲಿ ಕಳೆದುಹೋದ ಮಗನಿಗೆ ಅಂತ ತಾಯಿ ಇಟ್ಟ ನೀರು ಕಣೋ. ಮಾಟ ಮಾಡಿ ಕಟ್ಟಿದಾಳೆ. ಬೇರೆಯವರು ಬಿಚ್ಚಿದ್ರೆ ಅವರ ಕೈಗೆ ಮತ್ತೆ ನೀರು ಒಲಿಯಲ್ಲ. ಬಾಯಾರಿದ್ರೆ ನಮ್ಮ ಚೀಲಗಳಿಲ್ವಾ?”

“ಕುಡಿಯೋಕೆ ಯಾರಿಗೆ ಬೇಕು? ಮುಖ ತೊಳ್ಕೋತೀನಿ. ನಿಮ್ಮ ಮಾಟ ಅದೇನ್ ಮಾಡುತ್ತೋ ನೋಡೇಬಿಡೋಣ!”

ಓದಿದವನ ಜಂಬ ನೋಡಿ! ಗಂಟು ಕಿತ್ತೇ ಬಿಟ್ಟ.

ಸಂಜೆಬಿಸಿಲಿಗೆ ಮರಳದಿಬ್ಬಗಳು ದಾಳಿಂಬೆಯ ಬಣ್ಣಕ್ಕೆ ತಿರುಗಿದ್ದವು. ಎಷ್ಟು ಚೆಂದ, ಎಂದುಕೊಳ್ಳುತ್ತ ಮುಖಕ್ಕೆ ನೀರೆರಚಿಕೊಂಡ. ನೀರು ಕೊರೆಯಿತು. ಸುಟ್ಟ ಕೂದಲಿನ ಕಮಟು ಮೂಗಿಗಡರಿತು. ಗಾಳಿ ನಿಂತಿತು. ದಿಬ್ಬದೊಳಗಿಂದ ಹೆಂಗಸೊಬ್ಬಳು ಗೋಳಾಡುವ ದನಿ ಮೇಲೆದ್ದಿತು. ಒಂಟೆ ಹಿಂದೆ ಸರಿಯಿತು.

“ಮರಳು ಜಾರೋ ಸದ್ದು, ಅಷ್ಟೆ,” ಅಂದ. ಆದರೆ ಗಂಟಲು ಒಣಗಿತ್ತು. ತಮ್ಮದೇ ಚೀಲವೊಂದನ್ನು ಎತ್ತಿ ಬಾಯಿಗೆ ಸುರಿದುಕೊಂಡ. ಮರಳು! ಉಗಿದ. ಮತ್ತೆ ಎತ್ತಿದ. ಮತ್ತೂ ಮರಳು.

“ಇನ್ನೊಂದನ್ನ ಮುಟ್ಟಬೇಡ!” ಫದಿಮಾತಾ ಕಿರುಚಿ, ಉಳಿದ ಚೀಲವನ್ನು ತಾನೇ ಬಿಚ್ಚಿದಳು. ಅವಳ ಕೈಯಲ್ಲಿ ನೀರು ನೀರಾಗಿಯೇ ಇತ್ತು. ಅವನ ಕೈ ತಾಗದಂತೆ ಮೇಲಿಂದ ಅವನ ಬಾಯಿಗೆ ಹುಯ್ದಳು.

ಹೇಗೋ ಗುಡಾರ ಸೇರಿದರು. ಗಂಡುಮಗು ಹುಟ್ಟಿತು. ಮಗಳಿಂದ ಎಲ್ಲ ಕೇಳಿದ್ದ ಅತ್ತೆ ಲುತ್ಫಿಯನ್ನು ಹೊರಗೇ ತಡೆದಳು.

“ದೂರದಿಂದ ನೋಡಪ್ಪ. ಮುಟ್ಟಬೇಡ. ಎಳೆಗೂಸಿನ ಮೈಯೆಲ್ಲ ನೀರೇ.”

ಹೂಂ ಅಂದ. ಜಂಬವೆಲ್ಲ ಇಳಿದಿತ್ತು. ಹೆಂಡತಿಯ ಕೈಯಿಂದ ನೀರು ಕುಡಿಯುತ್ತ, ಸ್ವಂತ ಮಗುವನ್ನು ಎತ್ತಿಕೊಳ್ಳದೆ ತಿಂಗಳುಗಟ್ಟಲೆ ತಡೆದುಕೊಂಡ. ಪಾಪ, ಅವನ ಸಂಕಟ ಶತ್ರುವಿಗೂ ಬೇಡ.

ಒಂದು ಮಧ್ಯಾಹ್ನ ಹೆಂಗಸರೆಲ್ಲ ಬಾವಿಗೆ ಹೋಗಿದ್ದರು. ಫದಿಮಾತಾಳಿಗೆ ಗಾಢ ನಿದ್ದೆ. ಮಗು ಅತ್ತಿತು. ಬಿಕ್ಕಿ ಬಿಕ್ಕಿ ಅತ್ತಿತು. ತಂದೆಯ ಕರುಳು, ತಡೆಯಲಿಲ್ಲ. ಒಳಗೆ ಬಂದ. ಬಗ್ಗಿದ. “ಅಳಬೇಡ ನನ್ನಪ್ಪ,” ಎನ್ನುತ್ತ ಹೆಬ್ಬೆರಳಿನಿಂದ ಕಣ್ಣೊರೆಸಿದ.

ಮಗು ತಟ್ಟನೆ ಸುಮ್ಮನಾಯಿತು. ಹೆಬ್ಬೆರಳಿಗೆ ಏನೋ ಗರಗರ ಎಂದಿತು. ನೋಡಿದ. ಮರಳು. ಪುಟ್ಟ ರೆಪ್ಪೆಗಳ ಸಂದಿಯಿಂದ ಅದು ಸಣ್ಣಗೆ ಇನ್ನೂ ಸುರಿಯುತ್ತಲೇ ಇತ್ತು.